ಒಂದೂವರೆ ಇಂಚು

ಶುಕ್ರವಾರ ಬೆಳಿಗ್ಗೆ ದೋಸೆ ಹುಯ್ಯುವಾಗ ಬಲಗೈಯ ಕೊನೆಯ ಎರಡು ಬೆರಳುಗಳಿಗೆ ಸೌಟು ಹಿಡಿದದ್ದು ಗೊತ್ತಾಗಲಿಲ್ಲ. ಸೌಟು ಕೈಯಲ್ಲೇ ಇತ್ತು. ನೋಡಿದರೆ ಇದೆ, ನೋಡದಿದ್ದರೆ ಇಲ್ಲ. ಎರಡು ತಿಂಗಳಿಂದ ಹೀಗೆ ಜೋಮು ಹಿಡಿಯುತ್ತಿದೆ. ಸೌಟನ್ನು ಎಡಗೈಗೆ ಬದಲಾಯಿಸಿಕೊಂಡು ಇನ್ನೆರಡು ಹುಯ್ದೆ. ದುಂಡಗೆ ಬರಲಿಲ್ಲ.

"ಇದೇನಮ್ಮ, ಶ್ರೀಲಂಕಾ ಮ್ಯಾಪಾ?" ಎಂದಳು ಅಪೂರ್ವ.

ಅಪೂರ್ವ ನನ್ನ ಮಗಳು. ಹದಿನೈದು ವರ್ಷ. ಹುಟ್ಟುವಾಗ ಉಸಿರಾಟಕ್ಕೆ ತೊಂದರೆಯಾಗಿ ಮೆದುಳಿಗೆ ಪೆಟ್ಟು ಬಿತ್ತು, ಕೈಕಾಲು ಅವಳ ಮಾತು ಕೇಳುವುದಿಲ್ಲ. ಗಾಲಿಕುರ್ಚಿಯಲ್ಲಿ ಇರುತ್ತಾಳೆ. ಬುದ್ಧಿ ಚುರುಕು, ನಾಲಿಗೆ ಮಾತ್ರ ನಿಧಾನ. ಅವಳಾಡುವುದು ಹೊರಗಿನವರಿಗೆ ಮಾತೆಂದೇ ಗೊತ್ತಾಗುವುದಿಲ್ಲ. ನಾನು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಬೇಕು. ಅಂಗಡಿಯವರಿಗೆ, ಡಾಕ್ಟರಿಗೆ, ನೆಂಟರಿಗೆ ಹನ್ನೆರಡು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಅವಳು ಬೈದಾಗ ಸ್ವಲ್ಪ ತಿದ್ದಿ ಹೇಳುವುದೂ ಉಂಟು. ಅದು ಅವಳಿಗೂ ಗೊತ್ತು.

"ಟೈರು ಹಾಕ್ಸಿದ ಮೇಲೆ ಸೀದಾ ಥೆರಪಿಗೆ ಹೋಗ್ಬುಡಿ," ಎಂದರು ನಮ್ಮ ಯಜಮಾನರು ವಾಗೀಶ, ತಟ್ಟೆಯಿಂದ ತಲೆ ಎತ್ತದೆ. "ಹನ್ನೆರಡಕ್ಕಲ್ವಾ? ನನ್ನನ್ನ ಪ್ರಸನ್ನ ಬಂದು ಕರ್ಕೊಂಡು ಹೋಗ್ತಾನೆ."

ತೋಟಗಳಿಗೆ ಸೋಲಾರ್ ಬೇಲಿ ಹಾಕಿಸುವುದು ಅವರ ಕೆಲಸ. ಪ್ರಸನ್ನ ಪಾಲುದಾರ. ಮಂಗಳವಾರ, ಶುಕ್ರವಾರ ಮಾತ್ರ ಪಿಕಪ್ ಗಾಡಿ ನನಗೆ ಬಿಡುತ್ತಾರೆ. ಆ ಎರಡು ದಿನ ಸಿದ್ಧಾರ್ಥನಗರದಿಂದ ಸರಸ್ವತಿಪುರಂಗೆ ಅಪೂರ್ವಳನ್ನು ಫಿಸಿಯೋಥೆರಪಿಗೆ ನಾನೇ ಗಾಡಿ ಓಡಿಸಿಕೊಂಡು ಹೋಗುತ್ತೇನೆ. ಆಟೋದಲ್ಲಿ ಆಗುವುದಿಲ್ಲ. ಅವಳ ಕಾಲು ಸುಲಭಕ್ಕೆ ಮಡಿಸಲಾಗುವುದಿಲ್ಲ, ಹಿಡಿದಿಡಲು ಬೆಲ್ಟಿಲ್ಲ. ಒಮ್ಮೆ ಪ್ರಯತ್ನಪಟ್ಟೆವು, ಬ್ರೇಕ್ ಹಾಕಿದಾಗ ಜಾರಿ ಗಲ್ಲ ಒಡೆದುಕೊಂಡಳು. ಪಿಕಪ್‌ನ ಮುಂದಿನ ಸೀಟಿಗೆ ಅವಳಿಗಾಗಿ ಪಟ್ಟಿ ಹೊಲಿಸಿದ್ದೇವೆ. ಆ ಸೀಟಿಗೆ ನಾನು ಅವಳನ್ನು ಎತ್ತಿ ಕೂರಿಸಿದರೆ ಅವಳು ಹೊರಗೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ.

ಹೋದ ಕಾರ್ತಿಕದಲ್ಲಿ ಅವರು ಗಾಡಿಯನ್ನು ಮೂರು ಇಂಚು ಎತ್ತರಿಸಿದರು. ಸ್ಪ್ರಿಂಗಿನ ಕೆಳಗೆ ಏನೋ ತುಂಡು ಕೂರಿಸುತ್ತಾರಂತೆ. ತೋಟದ ಕೊರಕಲು ದಾರಿಗೆ ಬೇಕು ಎಂದಿದ್ದರು. ನಾನು ಅನ್ನ ಬಸಿಯುತ್ತಿದ್ದೆ, ಗ್ಯಾರೇಜಿನಿಂದ ಫೋನು ಬಂತು.

"ಶುಭಾ, ಬಾಗಿಲ ಕೆಳಗಿನ ಫುಟ್‌ಬೋರ್ಡು ಕಲ್ಲಿಗೆ ತಗಲತ್ತಂತೆ. ತೆಗೆಸ್ಬುಡ್ಲಾ?"

"ಪರವಾಗಿಲ್ಲ," ಎಂದೆ.

ಬೇಡ ಎನ್ನುವುದಕ್ಕೂ ನಾನು ಪರವಾಗಿಲ್ಲ ಎನ್ನುತ್ತೇನೆ, ಆಗಲಿ ಎನ್ನುವುದಕ್ಕೂ ಅದನ್ನೇ ಎನ್ನುತ್ತೇನೆ. ಕೇಳಿದವರು ತಮಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಾರೆ. ಫುಟ್‌ಬೋರ್ಡು ಹೋಯಿತು. ಅಂದಿನಿಂದ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ಗಾಡಿಯ ಹಿಂಬದಿಯಲ್ಲೇ ಇದೆ. ಅದರ ಮೇಲೆ ಒಂದು ಕಾಲಿಟ್ಟು ಅವಳನ್ನು ಎತ್ತುತ್ತೇನೆ. ನಾನು ಐದಡಿ ಒಂದು ಇಂಚು. ಅವಳು ನಲವತ್ತೊಂದು ಕಿಲೋ.

ಈಗ ಚಕ್ರವನ್ನೇ ಬದಲಾಯಿಸುತ್ತಿದ್ದಾರೆ. ಅಗಲದ ರಿಮ್ಮು, ದೊಡ್ಡ ಟೈರು. ಕೆಸರಲ್ಲಿ ಹೂತುಕೊಳ್ಳುವುದಿಲ್ಲವಂತೆ.

ಕೆಸರೆ ಕಡೆಯ ಟೈರಿನಂಗಡಿಗೆ ಹತ್ತು ಗಂಟೆಗೆ ಹೋದೆವು. ಕೆಲಸದ ಮೇಸ್ತ್ರಿ ರೇವಣಸಿದ್ದ, ಅರವತ್ತರ ಆಸುಪಾಸಿನವರು. ಮೊದಲು ಅಪೂರ್ವಳನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿದೆ. ಅವರು ಅದನ್ನು ನೋಡುತ್ತ ನಿಂತಿದ್ದರು. ಆಮೇಲೆ ನೆರಳಿರುವ ಜಾಗ ತೋರಿಸಿದರು.

"ಅಲ್ಲಿ ಕೂರ್ಸಿ ಅಮ್ಮಾ. ಇಲ್ಲಿ ನಟ್ಟು ಬಿಚ್ಚೋ ಗನ್ನು ಹೊಡುದ್ರೆ ಮಗು ಬೆಚ್ಚಿ ಬೀಳ್ತದೆ."

"ನಾನೇನು ಮಗೂನಾ," ಎಂದಳು ಅಪೂರ್ವ.

"ಏನಂತೆ?"

"ಸರಿ ಅಂತಿದಾಳೆ," ಎಂದೆ. ಅವಳು ನನ್ನತ್ತ ಕಣ್ಣು ಓರೆ ಮಾಡಿದಳು.

ನಾಲ್ಕೂ ಕಡೆ ಜ್ಯಾಕ್ ಕೊಟ್ಟು ಹಳೆಯ ಚಕ್ರಗಳನ್ನು ಬಿಚ್ಚಿದರು. ಬರಿಗಾಲಿನಲ್ಲಿ ನಿಂತ ಗಾಡಿಯನ್ನು ನೋಡುತ್ತ ಕುಳಿತೆ. ಮಧ್ಯಾಹ್ನದ ಸಾರಿಗೆ ಬೇಳೆ ನೆನೆಸಿದ್ದೆನೋ ಇಲ್ಲವೋ ಎಂದು ಯೋಚಿಸಿದೆ. ನೆನಪಾಗಲಿಲ್ಲ, ಅದರಿಂದ ಬೇಸರವೂ ಆಗಲಿಲ್ಲ. ಇತ್ತೀಚೆಗೆ ಎಲ್ಲವೂ ಹೀಗೆಯೇ, ಗಾಜಿನ ಆಚೆ ನಡೆದಂತೆ.

ಹೊಸ ರಿಮ್ಮು ಹೊಳಪಿಲ್ಲದ ಕಪ್ಪು. ಮುಂದಿನ ಎಡ ಚಕ್ರ ಕೂರಿಸಿ, ಆ ಬದಿಯ ಜ್ಯಾಕ್ ಇಳಿಸಿ, ಸ್ಟಿಯರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಲು ಇವರಿಗೆ ಹೇಳಿದರು. ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜಿ ಕರಕರ ಅಂದಿತು. ರೇವಣಸಿದ್ದ ಉಜ್ಜಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಷ್ಟನ್ನು ಕತ್ತರಿಸಿ ತೆಗೆದರು. ನಾಲ್ಕೂ ಮುಗಿದ ಮೇಲೆ ಟೇಪು ಹಿಡಿದು ನೋಡಿದರು.

"ಒಂದೂವರೆ ಇಂಚು ಎದ್ದದೆ ಸಾರ್. ಆಚೆಗೂ ಎರಡು ಇಂಚು ಬಂದದೆ."

"ನೋಡು ಶುಭಾ, ಈಗ ಗಾಡಿ ಅನ್ನುಸ್ತಾ ಇದೆ," ಎಂದು ಇವರು ಫೋಟೋ ತೆಗೆದರು.

"ಚೆನ್ನಾಗಿದೆ," ಎಂದೆ.

"ಹೊತ್ತಾಯ್ತು, ಅವಳನ್ನ ಹತ್ಸು. ಒಳಗೆ ಚಕ್ರದ ಅಲೈನ್‌ಮೆಂಟ್ ಚೀಟಿ ಇಸ್ಕೊಂಡು ಬರ್ತೀನಿ."

ಬಾಗಿಲು ತೆರೆದು ಕುರ್ಚಿಯನ್ನು ಗಾಡಿಯ ಪಕ್ಕಕ್ಕೆ ತಂದೆ. ಯಾವಾಗಲೂ ನಿಲ್ಲಿಸುವ ಹಾಗೆ ನಿಲ್ಲಿಸಲು ಆಗಲಿಲ್ಲ. ಕುರ್ಚಿಯ ಕಾಲಿಡುವ ತಟ್ಟೆ ಹೊರಚಾಚಿದ ಟೈರಿಗೆ ಬಡಿಯಿತು. ಒಂದು ಗೇಣು ದೂರದಲ್ಲೇ ನಿಲ್ಲಿಸಿ, ಸ್ಟೂಲಿಟ್ಟು, ಅವಳ ಬೆನ್ನಿಗೊಂದು ಕೈ, ತೊಡೆಯ ಕೆಳಗೊಂದು ಕೈ ಕೊಟ್ಟು ಎತ್ತಿದೆ. ಸೀಟಿನ ಅಂಚು ನನ್ನ ಎದೆಗೆ ತಗುಲಿತು. ಅವಳು ಅಂಚಿನವರೆಗೆ ಬಂದಳು, ಅಂಚು ದಾಟಲಿಲ್ಲ. ಮೆಲ್ಲಗೆ ವಾಪಸ್ ಕುರ್ಚಿಗೆ ಇಳಿಸಿದೆ.

ಎರಡನೆಯ ಸಲ ಇನ್ನೂ ಮೇಲೆ ಹೋಗಬೇಕೆಂದು ಎರಡೂ ಕಾಲನ್ನು ಸ್ಟೂಲಿನ ಮೇಲೆ ಇಟ್ಟೆ. ಜೋಮಿನಲ್ಲಿ ಬಲಗೈ ಎಲ್ಲಿದೆಯೆಂದು ನನಗೆ ತಿಳಿಯುತ್ತಿರಲಿಲ್ಲ. ಸ್ಟೂಲು ಜಾರಿತು. ರೇವಣಸಿದ್ದ ಹಿಂದಿನಿಂದ ಬಂದು ಇಬ್ಬರನ್ನೂ ಸೇರಿಸಿ ಹಿಡಿದುಕೊಂಡರು. ಅವರ ಅಂಗಿಗೆ ಗ್ರೀಸಿನ ವಾಸನೆಯಿತ್ತು. ಅಪೂರ್ವ ಕುರ್ಚಿಗೆ ಬಿದ್ದಳು, ಪೆಟ್ಟಾಗಲಿಲ್ಲ. ಮುಖ ಕೆಂಪಗಾಗಿತ್ತು. ಏನೋ ಹೇಳಿದಳು, ಉದ್ದವಾಗಿ, ಎಲ್ಲೂ ನಿಲ್ಲಿಸದೆ.

"ಏನಂತದೆ ಅಮ್ಮಾ ಅದು?"

"ಪರವಾಗಿಲ್ಲ ಅಂತಿದಾಳೆ."

ಅಪೂರ್ವ ಕಿರುಚಿದಳು. ಪಕ್ಕದಲ್ಲಿ ಗಾಳಿ ತುಂಬುವ ಯಂತ್ರ ಹೊಡೆದುಕೊಳ್ಳುತ್ತಿದ್ದರೂ ಆ ಕೂಗು ಒಳಗೆ ಕೇಳಿತು. ಇವರು ಚೀಟಿ ಹಿಡಿದುಕೊಂಡು ಓಡಿ ಬಂದರು.

"ಏನಾಯ್ತು? ಬಿದ್ಲಾ?"

ಅಪೂರ್ವ ಮತ್ತೆ ಅದನ್ನೇ ಹೇಳಿದಳು. ಮಗಳ ಮಾತು ಇವರಿಗೆ ಅರ್ಥವಾಗುತ್ತದೆ. ಆದರೆ ಸಿಟ್ಟಿನಲ್ಲಿ ಆಡಿದರೆ ತಿಳಿಯುವುದಿಲ್ಲ, ಅಷ್ಟು ಹತ್ತಿರದಿಂದ ಕೇಳಿ ಅಭ್ಯಾಸವಿಲ್ಲ.

"ಏನಂತಿದಾಳೆ ಶುಭಾ?"

ನಾನು ಏನು ಬೇಕಾದರೂ ಹೇಳಬಹುದಿತ್ತು. ಬಿಸಿಲು ಅಂತಿದ್ದಾಳೆ, ನೀರು ಕೇಳುತ್ತಿದ್ದಾಳೆ. ಮಗಳು ನನ್ನ ಸೆರಗನ್ನು ಹೇಗೋ ಹಿಡಿದುಕೊಂಡಿದ್ದಳು. ಅವಳ ಬೆರಳು ಒಂದು ವಸ್ತುವನ್ನು ಹಿಡಿಯಲು ಎಷ್ಟು ಕಷ್ಟಪಡುತ್ತದೆ ಎಂದು ನನಗೆ ಗೊತ್ತು.

"ತಿದ್ದಬೇಡ," ಎಂದಳು. "ಹೇಳು."

ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. "'ಅಮ್ಮಂಗೆ ಕೈ ಬರ್ತಾ ಇಲ್ಲ. ಎರಡು ತಿಂಗಳಾಯ್ತು. ಅವಳು ನನ್ನನ್ನ ಎತ್ತೋವಾಗೆಲ್ಲ ನಾನು ಉಸಿರು ಕಟ್ಕೊಂಡಿರ್ತೀನಿ. ತೂಕ ಕಮ್ಮಿ ಆಗ್ಲಿ ಅಂತ. ಆಗಲ್ಲ ಅಂತ ನಂಗೂ ಗೊತ್ತು. ಆದ್ರೂ ಕಟ್ಕೊಂಡಿರ್ತೀನಿ. ಇನ್ಮೇಲೆ ನಾನು ಥೆರಪಿಗೆ ಬರಲ್ಲ. ಮನೇಲೇ ಇರ್ತೀನಿ.' ಹೀಗಂದ್ಲು."

ನನ್ನ ದನಿಯಲ್ಲಿ ಏನೂ ಇರಲಿಲ್ಲ. ಇನ್ಯಾರದೋ ಮನೆಯ ಮಾತು ಹೇಳಿದಂತೆ ಇತ್ತು. ರೇವಣಸಿದ್ದ ಯಂತ್ರವನ್ನು ಆರಿಸಿದರು.

"ಎರಡು ತಿಂಗಳಾ?" ಎಂದರು ಇವರು. "ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಕೇಳಿದ್ರೂ ಪರವಾಗಿಲ್ಲ ಅಂದಿರ್ತಿದ್ದೆ."

ಅವರು ಟೈರನ್ನೇ ನೋಡುತ್ತಿದ್ದರು. ರೇವಣಸಿದ್ದ ಕೈ ಒರೆಸಿಕೊಳ್ಳುತ್ತ, "ಬೇಲಿ ಕೆಲಸಕ್ಕೆ ಇಷ್ಟೆತ್ರ ಬೇಕಾಗಿರ್ಲಿಲ್ಲ ಸಾರ್. ಬೇಜಾರು ಮಾಡ್ಕೋಬೇಡಿ, ನಮ್ಮತ್ರ ಬರೋ ತೋಟದೋರು ಕಂಪ್ನಿ ಟೈರಲ್ಲೇ ಓಡಾಡ್ತಾರೆ," ಎಂದರು.

"ಬೇಲಿಗಲ್ಲ," ಎಂದರು ಇವರು. ಆಮೇಲೆ ನನ್ನ ಕಡೆ ತಿರುಗಿದರು. "ದಸರಾ ಟೈಮಲ್ಲಿ ಸಿಗ್ನಲ್‌ನಲ್ಲಿ ನಿಂತಿದ್ವಿ, ನಾನೂ ಇವಳೂ. ಸ್ಕೂಟರಲ್ಲಿ ಇಬ್ರು ಹುಡುಗ್ರು. ಕಿಟಕಿಯೊಳಗೆ ಬಗ್ಗಿ ಬಗ್ಗಿ ನೋಡಿದ್ರು, ಒಬ್ಬ ಇವಳ ಥರ ಬಾಯಿ ಸೊಟ್ಟ ಮಾಡ್ದ. ಸ್ಕೂಟರ್ ಮೇಲಿರೋರ ಕಣ್ಣಿಗೆ ಇವಳ ಮುಖ ಸಿಗಬಾರ್ದು ಅಂತ ಅವತ್ತೇ ತೀರ್ಮಾನ ಮಾಡಿದೆ. ಮೂರಿಂಚು ಸಾಲಲಿಲ್ಲ. ಇನ್ನೂ ಕಾಣ್ತಿತ್ತು."

ಇಷ್ಟು ದಿನ ನಾನು ಅದನ್ನು ಗಂಡಸರ ಶೋಕಿ ಎಂದುಕೊಂಡಿದ್ದೆ. ಈಗ ಗೊತ್ತಾದ ಮೇಲೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಕಾದೆ. ಆಗಲಿಲ್ಲ.

ಅಪೂರ್ವ ಅಪ್ಪನ ಕಡೆ ತಿರುಗಿ ನಿಧಾನವಾಗಿ, ಅವರಿಗೆ ಅರ್ಥವಾಗುವಂತೆ ಹೇಳಿದಳು. "ನಾನೂ ಅವರನ್ನ ನೋಡ್ತಿದ್ದೆ ಅಪ್ಪ. ಹಿಂದೆ ಕೂತಿದ್ದೋನು ಚೆನ್ನಾಗಿದ್ದ. ನೀನು ಸುಮ್ನೆ ಗಾಜು ಏರಿಸ್ಬುಟ್ಟೆ."

"ಏನಂತೆ?" ಎಂದು ರೇವಣಸಿದ್ದ ನನ್ನನ್ನು ಕೇಳಿದರು. ಹಾಗೆಯೇ ಹೇಳಿದೆ. ಅವರು ಮುಖ ಆಚೆ ತಿರುಗಿಸಿ ನಕ್ಕರು.

"ಇದನ್ನ ಬಿಚ್ಚಿ ಹಳೇದು ಹಾಕ್ಬುಡಿ," ಎಂದರು ಇವರು.

"ನಾಲ್ಕೂನೂವಾ?"

"ನಾಲ್ಕೂ."

"ಒಳಗಿನ ಹೊದಿಕೆ ಕುಯ್ದುಬುಟ್ಟಿದೀನಿ ಸಾರ್. ಅದು ವಾಪಸ್ ಬರಕ್ಕಿಲ್ಲ."

"ಇರ್ಲಿ."

ಥೆರಪಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. ಪ್ರಸನ್ನ ಬಂದು ಹೊರಗೆ ಹಾರ್ನ್ ಹೊಡೆದ. ಇವರು ಹೋಗಿ ಏನೋ ಹೇಳಿ ಕಳಿಸಿದರು. ಹಳೆಯ ಚಕ್ರಗಳು ಒಂದೊಂದಾಗಿ ವಾಪಸ್ ಬಂದವು. ಒಂದು ಗಂಟೆ ಆಗಿತ್ತು. ಮಗಳಿಗೆ ಡಬ್ಬಿಯಲ್ಲಿದ್ದ ಮೊಸರನ್ನ ತಿನ್ನಿಸಿ ಬಾಯಿ ಒರೆಸಿದೆ.

"ಈಗ ನಾನು ಎತ್ತೀನಿ," ಎಂದರು ಇವರು. "ನೀನು ಎತ್ತೋ ಹಾಗೇನೇ. ಹೇಳ್ಕೊಡು."

ಮನೆಯಲ್ಲಿ ಮಂಚದಿಂದ ಕುರ್ಚಿಗೆ ಎತ್ತಿದ್ದಾರೆ. ಗಾಡಿಗೆ ಎತ್ತಿದ್ದು ಕಡಿಮೆ, ಅದೂ ಫುಟ್‌ಬೋರ್ಡು ಇದ್ದ ಕಾಲದಲ್ಲಿ. ಒಂದೊಂದಾಗಿ ಹೇಳಿದೆ. ಮೊದಲು ಕುರ್ಚಿಗೆ ಬ್ರೇಕು. ಎಡಗಾಲು ಸ್ಟೂಲಿನ ಮೇಲೆ. ಅವಳ ತಲೆ ನಿಮ್ಮ ಭುಜಕ್ಕೆ. ಒಂದೇ ಸಲ ಎತ್ತಬೇಡಿ, ಮೊದಲು ನಿಮ್ಮ ಮೊಣಕಾಲ ಮೇಲೆ ಕೂರಿಸಿಕೊಳ್ಳಿ, ಅಲ್ಲಿಂದ ಮೇಲಕ್ಕೆ. ಅವಳ ಕಾಲು ಸೆಟೆದುಕೊಂಡರೆ ಬಲವಂತ ಮಾಡಬೇಡಿ, ಸಡಿಲವಾಗುವವರೆಗೆ ಹಾಗೇ ಹಿಡಿದು ನಿಲ್ಲಬೇಕು.

ಅವಳ ಕಾಲು ಸೆಟೆದುಕೊಂಡಿತು. ಅವರು ಹಾಗೇ ಹಿಡಿದು ನಿಂತರು. ಸ್ಟೂಲಿನ ಮೇಲಿನ ಕಾಲು ನಡುಗತೊಡಗಿತು. "ಅಪ್ಪ, ಬೆವರು ನನ್ನ ಮೇಲೆ ಬೀಳ್ತಿದೆ," ಎಂದಳು ಅಪೂರ್ವ. ಕೊನೆಗೆ ಕೂರಿಸಿ, ಪಟ್ಟಿ ಬಿಗಿದು, ಕೆಳಗಿಳಿದು ಬಾಗಿಲು ಹಿಡಿದುಕೊಂಡು ನಿಂತರು.

"ಇದು ದಿನಕ್ಕೆ ಎರಡು ಸಲನಾ?"

"ನಾಲ್ಕು. ಹತ್ಸೋದು ಎರಡು, ಇಳ್ಸೋದು ಎರಡು. ಇಳ್ಸೋದೇ ಕಷ್ಟ."

ಅವರು ರೇವಣಸಿದ್ದರನ್ನು ಕೇಳಿದರು. "ಎತ್ತರಿಸಿರೋದನ್ನ ಇಳ್ಸೋಕಾಗುತ್ತಾ?"

"ಆಗ್ತದೆ. ನಾಳೆ ಬುಟ್ಟೋದ್ರೆ ಸೋಮವಾರ ಸಂಜೆಗೆ ಕೊಟ್ಬುಡ್ತೀನಿ. ಫುಟ್‌ಬೋರ್ಡೂ ಹಾಕೋಣ. ಮೂರೂ ಇಂಚು ಬಿಚ್ಲಾ, ಇಲ್ಲಾ ಎರಡೇ ಸಾಕಾ? ಎರಡು ಬಿಚ್ಚುದ್ರೆ ತೋಟದ ದಾರಿಗೂ ಒಂದು ಇಂಚು ಉಳೀತದೆ."

ಇವರು ನನ್ನನ್ನು ನೋಡಿದರು. ರೇವಣಸಿದ್ದ ಟೇಪನ್ನು ಬಿಚ್ಚಿ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು.

"ಅಮ್ಮಾ, ಸೀಟು ಎಲ್ಲೀಗಂಟ ಇದ್ರೆ ನಿಮ್ಗೆ ಆಗ್ತದೆ? ನಿಮ್ಮ ಮೈ ಮೇಲೇ ತೋರ್ಸಿ."

ಚಪ್ಪಲಿ ಬಿಟ್ಟು ನೆಲದ ಮೇಲೆ ನೆಟ್ಟಗೆ ನಿಂತೆ. ಅಂಗೈಯನ್ನು ಹೊಟ್ಟೆಯ ಮೇಲೆ, ಸೀರೆಯ ನೆರಿಗೆ ಸಿಕ್ಕಿಸುವಲ್ಲಿ ಇಟ್ಟೆ. ಅವರು ಟೇಪನ್ನು ನೆಲದಿಂದ ಕೈಯವರೆಗೆ ಎಳೆದರು, ಆಮೇಲೆ ಸೀಟಿನ ಅಂಚಿನವರೆಗೆ.

"ಮೂವತ್ತಾರು. ಸೀಟು ಈಗ ಮೂವತ್ತೆಂಟದೆ."

"ಹಾಗಾದ್ರೆ ಎರಡು ಸಾಕು," ಎಂದೆ.

ಅವರು ಟೇಪು ಸುತ್ತಿಕೊಂಡು ಮೇಲೆ ಸೀಟಿನಲ್ಲಿ ಕುಳಿತವಳನ್ನು ಒಮ್ಮೆ ನೋಡಿದರು. ಆಮೇಲೆ ನನಗಲ್ಲ, ಇವರಿಗೆ ಹೇಳಿದರು.

"ಮೂರೂ ಬಿಚ್ತೀನಿ ಸಾರ್. ಹುಡುಗಿ ಇನ್ನೂ ಬೆಳೀತಾಳೆ."