ಸೊಂಟದ ಕೆಳಗಿನ ಹೊಲಿಗೆ

ಹೊಲಿಗೆ ಯಂತ್ರದ ಸೂಜಿ ಮುರಿದು ಚಿಮ್ಮಿ ಟೈಲರಮ್ಮನ ಎಡಗಣ್ಣು ಹೋಗಿ ವರ್ಷವಾಗಿತ್ತು. ಕಣ್ಣು ತೆಗೆದ ಡಾಕ್ಟರಮ್ಮ ಆ ಗುಳಿಯಲ್ಲಿ ಗೋಲಿಯಂಥದ್ದೊಂದನ್ನು ಕೂರಿಸಿ, ಅದರ ಮುಂದೆ ಕೃತಕ ಕಣ್ಣು ಹಾಕಿಸಿದ್ದರು. ಆದರೆ ಗೋಲಿ ಒಳಗೆ ನಿಲ್ಲಲಿಲ್ಲ. ಮೇಲಿನ ಪೊರೆ ಸವೆದು ಅದರ ಬಿಳಿ ಇಣುಕತೊಡಗಿತು. "ಇದನ್ನ ತೆಗೆದು ಬೇರೆ ಗೋಲಿ ಇಡೋಣ" ಎಂದಿದ್ದರು ಡಾಕ್ಟರಮ್ಮ. ಆ ಮಾತು ನಂಬಿ ಟೈಲರಮ್ಮ ಮತ್ತೆ ಆಪರೇಷನ್ನಿಗೆ ಒಪ್ಪಿದ್ದಳು.

ಎಚ್ಚರವಾದಾಗ ಕಣ್ಣಿಗೆ ಪಟ್ಟಿಯಿತ್ತು, ಅದು ಸರಿ. ಮಗ್ಗುಲು ಬದಲಿಸಹೋದರೆ ಸೊಂಟದ ಕೆಳಗೆ, ಕೂರುವ ಜಾಗದಲ್ಲೇ, ಚುಳ್ಳೆಂದಿತು. ಕೈಯಾಡಿಸಿದಳು. ಅಲ್ಲೂ ಪಟ್ಟಿ! ಪಟ್ಟಿಯ ಮೇಲಿಂದಲೇ ಬೆರಳಿಗೆ ಹೊಲಿಗೆಯ ಸಾಲು ಸಿಕ್ಕಿತು. ಹೊಲಿಗೆಯಲ್ಲೇ ಬದುಕಿದ ಬೆರಳು, ಮೋಸ ಹೋದೀತೆ?

"ಇದೇನ್ರೀ?"

ಗಂಡ ಕಿಟಕಿಯತ್ತ ಮುಖ ತಿರುಗಿಸಿದ. "ಇಂಜೆಕ್ಷನ್ ಕೊಟ್ಟಿರ್ಬೇಕು."

"ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕ್ತಾರಾ?"

ಅವನಿಗೆ ತಟ್ಟನೆ ಟೀ ಕುಡಿಯುವುದು ನೆನಪಾಯಿತು. ಹೊರಗೆ ಅವನೂ ಅವನ ತಂಗಿಯೂ ಪಿಸುಗುಟ್ಟಿದರು. "ಅತ್ತಿಗೆಗೆ ಈಗ್ಲೇ ಹೇಳ್ಬೇಡ" ಎಂದು ನಾದಿನಿ ಅಂದದ್ದು ಮಾತ್ರ ಕಿವಿಗೆ ಬಿತ್ತು.

ಪಕ್ಕದ ಹಾಸಿಗೆಯ ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದಳು. "ಕಿಡ್ನಿ ಎರಡಿರುತ್ತೆ ಕಣಮ್ಮ. ಒಂದು ಹೋದ್ರೆ ಗೊತ್ತೇ ಆಗಲ್ವಂತೆ."

ಅಷ್ಟೇ ಸಾಕಾಯಿತು. ಗಂಡನೇ ತನ್ನ ಕಿಡ್ನಿ ಮಾರಿದನೇನೋ ಎಂದುಕೊಂಡಳು ಟೈಲರಮ್ಮ. ಅಂದಿನಿಂದ ನರ್ಸು ಕೊಟ್ಟ ಮಾತ್ರೆಯನ್ನು ದಿಂಬಿನಡಿ ಸೇರಿಸಿದಳು, ಗಂಡ ತಂದ ಹಾಲು ಮುಟ್ಟಲಿಲ್ಲ. ಹನ್ನೆರಡು ವರ್ಷ ಒಟ್ಟಿಗೆ ಬಾಳಿದವನು ಹೀಗೆ ಮಾಡಿಯಾನೇ? ಮಾಡದಿದ್ದರೆ ಮುಖ ಯಾಕೆ ತಪ್ಪಿಸುತ್ತಾನೆ?

ಡಾಕ್ಟರಮ್ಮ ನೋಡಲು ಬಂದಾಗ ಅವರ ಕೋಟಿನ ತೋಳು ಹಿಡಿದುಕೊಂಡಳು. "ನನ್ನ ಮೈಯಿಂದ ಏನು ತೆಗೆದ್ರಿ? ಹೇಳೋವರೆಗೂ ಬಿಡಲ್ಲ."

"ನಿಮ್ಮ ಯಜಮಾನ್ರು ಹೇಳ್ಲಿಲ್ವಾ?" ಡಾಕ್ಟರಮ್ಮ ಬೆರಗಾದರು. "ಗೋಲಿ ತೆಗೆದು ನೋಡಿದ್ರೆ ಒಳಗಿನ ಪೊರೆ ತುಂಬಾ ಕುಗ್ಗಿತ್ತು. ಇನ್ನೊಂದು ಇಟ್ರೆ ಮುಚ್ಚೋಕೆ ಸಾಲ್ತಿರಲಿಲ್ಲ, ಅದೂ ಹೊರಗೆ ಬಂದ್ಬಿಡೋದು. ಅದಕ್ಕೇ ಕೂರೋ ಜಾಗದಿಂದ ಒಂದು ಚೂರು ಕೊಬ್ಬು, ಚರ್ಮದ ಸಮೇತ, ತೆಗೆದ್ವಿ. ಚರ್ಮದ ತೆಳು ಮೇಲ್ಪದರ ಕೆತ್ತಿ ಹಾಕಿ, ಒಳಪದರದ ಜೊತೆ ಆ ಕೊಬ್ಬನ್ನ ಕಣ್ಣಿನ ಗುಳೀಲಿ ಕೂರ್ಸಿದೀವಿ. ಕಣ್ಣು ತಿರುಗಿಸೋ ಸ್ನಾಯುಗಳನ್ನ ಅದರ ಅಂಚಿಗೇ ಹೊಲಿದಿದೀವಿ. ನಿಮ್ಮದೇ ಮಾಂಸ, ಮೈ ಬೇಡ ಅನ್ನಲ್ಲ."

"ಕಿಡ್ನಿ?"

"ಎರಡೂ ಇದ್ದಲ್ಲೇ ಇದೆ."

ಅಜ್ಜಿ ಹೊದಿಕೆ ಮುಖದ ಮೇಲೆಳೆದುಕೊಂಡಳು.

ಗಂಡ ಬಾಗಿಲಲ್ಲಿ ನಿಂತು ತೊದಲಿದ. "ಆಪರೇಷನ್ ಮಧ್ಯದಲ್ಲಿ ಹೊರಗೆ ಬಂದು ಕೇಳಿದ್ರು ಕಣೇ, ಹೂಂ ಅಂದೆ. ಅಲ್ಲಿಂದ ತೆಗೆದು ಮುಖಕ್ಕಿಟ್ರು ಅಂತ ನಿಂಗೆ ಹೇಗೆ ಹೇಳೋದು? ನೊಂದ್ಕೋತೀಯ ಅಂತ..."

ನಗು ಬಂತು ಅವಳಿಗೆ, ಹೊಲಿಗೆ ಎಳೆಯುವಷ್ಟು. ಆದರೆ ನಗುವಿನ ಬೆನ್ನಿಗೇ ಕೋಪವೂ ಬಂತು. "ನನ್ನ ಮೈಯ ಸಂಗತಿ ನಿಮ್ಮ ತಂಗಿಗೆ ಗೊತ್ತು, ನನಗೆ ಗೊತ್ತಿಲ್ಲ!"

ಗಾಯ ಮಾಯ್ದ ಮೇಲೆ ಹೊಸ ಕಣ್ಣು ಕೂರಿಸಿದರು. ಕನ್ನಡಿಯಲ್ಲಿ ಅದು ಬಲಗಣ್ಣಿನ ಜೊತೆ ಮೆಲ್ಲಗೆ, ಅರ್ಧದಷ್ಟಾದರೂ, ತಿರುಗಿತು. ಗಂಡ ಹಿಗ್ಗಿ ಹೋದ. ಅವಳು ಡಾಕ್ಟರಮ್ಮನ ಕಡೆ ತಿರುಗಿ, "ಮುಂದೆ ಏನೇ ಇದ್ರೂ ಮೊದಲೇ ನನಗೆ ಹೇಳಿ, ಇವರಿಗಲ್ಲ" ಎಂದಳು.

ಮನೆಗೆ ನಡೆಯುವಾಗ ಕೇಳಿದಳು, "ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಏನಿಲ್ಲಪ್ಪ!"

ಉತ್ತರ ತುಸು ಬೇಗ ಬಂತೆನಿಸಿ, ಅವಳು ಅವನ ಮುಖವನ್ನು ಇನ್ನೊಮ್ಮೆ ನೋಡಿದಳು.