ಹದಿನಾಲ್ಕು ಡಿಗ್ರಿಯ ಇಳಿಜಾರು

ಸಂಜೆ ಕಾಲೇಜಿನ ತರಗತಿಯಲ್ಲಿ ಎಲ್ಲರೂ ಅವಳನ್ನು ಆಂಟಿ ಎಂದೇ ಕರೆಯುತ್ತಿದ್ದರು. ಅವಳಿಗೆ ಬೇಜಾರಿರಲಿಲ್ಲ. ನಲವತ್ತು ದಾಟಿದ ಮೇಲೆ ಸೈನು, ಕೊಸೈನು ಕಲಿಯಲು ಬಂದವಳನ್ನು ಇನ್ನೇನೆಂದು ಕರೆದಾರು? ಕಟ್ಟಡದ ನಕ್ಷೆ ಬರೆಯುವ ಆಫೀಸಿನಲ್ಲಿ ಅವಳದು ನಕ್ಷೆಗಳ ಪ್ರತಿ ತೆಗೆಯುವ ಕೆಲಸ. ನಕ್ಷೆ ಬರೆಯುವ ಮೇಜಿಗೆ ಬಡ್ತಿ ಬೇಕೆಂದರೆ ಮೊದಲ ವರ್ಷದ ಗಣಿತ ಪಾಸಾಗಬೇಕಿತ್ತು.

ಆ ವಾರ ಮಿಸ್ಸು ಕೊಟ್ಟ ಮನೆಗೆಲಸ ಸುಲಭವಾಗಿತ್ತು. ಮನೆಯ ಹತ್ತಿರದ ಯಾವುದಾದರೂ ಇಳಿಜಾರಿನ ಎತ್ತರವನ್ನೂ, ಅದು ನೆಲದ ಮೇಲೆ ಚಾಚಿದ ದೂರವನ್ನೂ ಅಳೆದು, ಅದು ಎಷ್ಟು ಡಿಗ್ರಿ ಎಂದು ಲೆಕ್ಕ ಮಾಡಿ ತರಬೇಕು. ಇಳಿಜಾರು ಹುಡುಕಿಕೊಂಡು ಅವಳು ಎಲ್ಲಿಗೂ ಹೋಗಬೇಕಿರಲಿಲ್ಲ. ಮನೆಯ ಜಗಲಿಯಿಂದ ಗೇಟಿನ ತನಕ ಒಂದಿತ್ತು. ಅತ್ತೆಯ ಕಾಲು ಸೋತು ಗಾಲಿಕುರ್ಚಿ ಬಂದಾಗ ಗಂಡನೇ ತನ್ನ ವರ್ಕ್‌ಶಾಪಿನಲ್ಲಿ ಕಬ್ಬಿಣದ ತಗಡು ಬೆಸೆದು ಮಾಡಿ ತಂದದ್ದು. ಗೇಟು, ಗ್ರಿಲ್ಲುಗಳ ಕೆಲಸದಲ್ಲಿ ಅವನದು ಎತ್ತಿದ ಕೈ ಎಂದು ಬೀದಿಯೆಲ್ಲ ಹೇಳುತ್ತಿತ್ತು.

ಈಗ ಅದರ ಮೇಲೆ ಯಾರೂ ಓಡಾಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅಲ್ಲಿಂದ ಇಳಿಸುತ್ತಿದ್ದಾಗ ಕುರ್ಚಿ ಕೈಯಿಂದ ಜಾರಿ ಗೇಟಿಗೆ ಬಡಿಯಿತು. ಅತ್ತೆಯ ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಅತ್ತೆಗೆ ಹಾಸಿಗೆಯೇ ಗತಿ, ಅವಳಿಗೆ ಒಂದು ಹೊಸ ಹೆಸರು: ಕೈಜಾರಮ್ಮ. ಲೋಟ ಬಿದ್ದರೆ ಅತ್ತೆ, "ಬಂದ್ಲು ನೋಡು ಕೈಜಾರಮ್ಮ." ನೆಂಟರ ಮುಂದೆ, "ಹುಷಾರು, ಮಗೂನ ಅವಳ ಕೈಗೆ ಕೊಡಬೇಡಿ." ಎಲ್ಲರೂ ನಗುತ್ತಿದ್ದರು, ಗಂಡನೂ.

ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಏಕೆಂದರೆ ಆ ಬೆಳಿಗ್ಗೆ ಸ್ನಾನದ ನೀರಿನ ವಿಷಯಕ್ಕೆ ಅತ್ತೆ ಬಾಯಿಗೆ ಬಂದ ಹಾಗೆ ಅಂದಿದ್ದರು, ಕುರ್ಚಿ ತಳ್ಳುತ್ತ ಅವಳು ಮನಸ್ಸಿನಲ್ಲಿ, ಇನ್ನೆಷ್ಟು ದಿನ ಈ ಹೊರೆ ಎಂದುಕೊಂಡಿದ್ದಳು. ಮನಸ್ಸು ಅಂದದ್ದನ್ನು ಕೈ ಕೇಳಿಸಿಕೊಂಡುಬಿಟ್ಟಿತೇನೋ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಬೆನ್ನು ಒರೆಸುವಾಗಲೆಲ್ಲ ತನ್ನ ಅಂಗೈಗಳನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದಳು.

ಅಳತೆ ಪಟ್ಟಿ ಹಿಡಿದು ಅಳೆದಳು. ಎತ್ತರ ಅರವತ್ತು ಸೆಂಟಿಮೀಟರು, ನೆಲದ ದೂರ ಇನ್ನೂರ ನಲವತ್ತು. ಎತ್ತರವನ್ನು ದೂರದಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ವಿಲೋಮ ಟ್ಯಾನ್ ಬಟನ್ನು ಒತ್ತಿದಾಗ ಬಂದದ್ದು ಕಾಲು ಡಿಗ್ರಿಗಿಂತ ಒಂದಿಷ್ಟು ಕಡಿಮೆ. ಹಾಗಾದರೆ ಅದು ನೆಲದಷ್ಟೇ ಸಮ. ನೆಲದಷ್ಟು ಸಮವಾದ ಜಾಗದಲ್ಲಿ ಕುರ್ಚಿ ಉರುಳಬೇಕಾದರೆ ಯಾರೋ ತಳ್ಳಿರಲೇಬೇಕು.

ಮರುದಿನ ತರಗತಿಯಲ್ಲಿ ಅವಳ ಲೆಕ್ಕ ಬೋರ್ಡಿನ ಮೇಲೆ ಬಂದಾಗ ಹಿಂದಿನ ಬೆಂಚಿನ ಹುಡುಗಿ, "ಆಂಟಿ, ಅದು ಇಳಿಜಾರಲ್ಲ, ಕೇರಂ ಬೋರ್ಡು," ಎಂದಳು. ಗೊಳ್ಳೆಂದು ನಗು. ಮಿಸ್ಸು ಅವಳ ಕ್ಯಾಲ್ಕುಲೇಟರ್ ತೆಗೆದುಕೊಂಡು ನೋಡಿದರು.

"ನಗಬೇಡ್ರಮ್ಮ, ನೀವೂ ಪರೀಕ್ಷೇಲಿ ಇದೇ ಮಾಡ್ತೀರಾ. ಇದು ರೇಡಿಯನ್‌ನಲ್ಲಿದೆ, ಕೋನದ ಬೇರೆ ಅಳತೆ. ಡಿಗ್ರಿಗೆ ಹಾಕಿ ಆಮೇಲೆ ಒತ್ತಬೇಕು." ಒತ್ತಿದರು. "ಹದಿನಾಲ್ಕು. ಎಲ್ಲಿದೆ ಇದು? ಗೋಡೌನಿಗೆ ಸಾಮಾನು ಇಳಿಸೋಕಾ?"

"ಮನೇಲಿ ಮಿಸ್. ವೀಲ್‌ಚೇರ್‌ಗೆ ಮಾಡಿಸಿದ್ದು."

ಮಿಸ್ಸಿನ ಮುಖ ಬದಲಾಯಿತು. "ವೀಲ್‌ಚೇರ್‌ಗೆ ಐದು ದಾಟಬಾರದು. ಅಳತೆ ಸರಿಯಾಗಿ ತಗೊಂಡ್ರಾ? ಕುರ್ಚಿ, ಕೂತವರು ಸೇರಿ ತೊಂಬತ್ತು ಕಿಲೋ ಅಂತಿಟ್ಕೊಳ್ಳಿ. ಸೈನ್ ಹದಿನಾಲ್ಕರಿಂದ ಗುಣಿಸಿದ್ರೆ ಇಪ್ಪತ್ತೆರಡು ಕಿಲೋ ತೂಕ ಕೆಳಗೆ ಎಳೀತಾನೇ ಇರುತ್ತೆ."

"ನನ್ನಂಥವಳು ಹಿಡ್ಕೋಬಹುದಾ ಮಿಸ್?"

"ನೀವಾ? ಕಾಲೇ ನಿಲ್ಲಲ್ಲ. ಯಾರನ್ನೂ ಅದರ ಮೇಲೆ ಇಳಿಸಬೇಡಿ, ದಯವಿಟ್ಟು."

ಆಮೇಲೆ ಮಿಸ್ಸು ಹೇಳಿದ್ದೊಂದೂ ಅವಳ ಕಿವಿಗೆ ಬೀಳಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತ ಕೂತಳು.

ದಾರಿಯುದ್ದಕ್ಕೂ ಗಂಡನ ಬಗ್ಗೆಯೇ ಯೋಚನೆ. ಪಾಪ, ಲೆಕ್ಕ ತಪ್ಪಿದ್ದಾನೆ. ತನ್ನ ಕೈಯಾರೆ ಮಾಡಿದ್ದರಿಂದಲೇ ತಾಯಿ ಹಾಸಿಗೆ ಹಿಡಿದರು ಎಂದು ತಿಳಿದರೆ ಕುಸಿದುಹೋಗುತ್ತಾನೆ. ಹೇಗೆ ಹೇಳುವುದು? ಮಾತನ್ನು ಅಲ್ಲಾಡಿಸಿ, ತೂಗಿ, ಮೆತ್ತಗೆ ಮಾಡಿಕೊಂಡು ಗೇಟು ತೆರೆದಳು.

ಅವನು ಬೈಕು ಒರೆಸುತ್ತಿದ್ದ.

"ರೀ, ಈ ಇಳಿಜಾರು ಹದಿನಾಲ್ಕು ಡಿಗ್ರಿ ಇದೆಯಂತೆ. ಐದಕ್ಕಿಂತ ಜಾಸ್ತಿ ಇರಬಾರದಂತೆ."

"ಐದಿಟ್ರೆ ಉದ್ದ ಆಗಿ ರೋಡಿಗೆ ಹೋಗತ್ತೆ," ಎಂದ ಅವನು ತಲೆಯೆತ್ತದೆ. "ಅಂಗಳದಲ್ಲೇ ಸುತ್ತಿಸಿದ್ರೆ ಬೈಕೆಲ್ಲಿ ನಿಲ್ಲಿಸ್ಲಿ, ನಿನ್ನ ತಲೆ ಮೇಲಾ?"

"ಅಂದ್ರೆ... ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು, ಅದೇ ಅಲ್ವಾ ನನ್ನ ಕೆಲ್ಸ? ನಾನು ಇಳಿಸೋವಾಗ ಸರಿಯಾಗೇ ಇತ್ತು."

"ನನಗೆ ಹೇಳಲಿಲ್ಲ."

"ಹೇಳಿದ್ರೆ ನೀನು ಮುಟ್ತಾನೇ ಇರಲಿಲ್ಲ."

"ಅವರು ಬಿದ್ದ ಮೇಲೆ?"

ಅವನು ಬಟ್ಟೆ ಹಿಂಡಿದ. "ಆಮೇಲೆ ಹೇಳಿ ಏನು ಬಂತು? ನಿನಗೆ ಅಮ್ಮನ ಮಾತು ಹೊಸದಾ? ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀಯ. ನನ್ನ ಮೇಲೆ ಬೇಜಾರಾದ್ರೆ ಅಮ್ಮ ತಡ್ಕೊಳ್ತಾಳಾ?"

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲೂ ಒಳಗೆ ಏನಾದರೂ ಅಲುಗಾಡಬೇಕಲ್ಲ. ಗಾಳಿಯ ಹೊಡೆತಕ್ಕೆ ಮನೆಯ ಬಾಗಿಲುಗಳೆಲ್ಲ ಒಮ್ಮೆಗೇ ಮುಚ್ಚಿಕೊಂಡಂತೆ ಎಲ್ಲವೂ ನಿಶ್ಶಬ್ದವಾಗಿತ್ತು. ಇವನು ನಗುತ್ತಿದ್ದನಲ್ಲ. ನೆಂಟರೊಡನೆ ಸೇರಿ.

ಅವಳು ಜಗಲಿ ಹತ್ತಿದಳು. ಮೂಲೆಯಲ್ಲಿದ್ದ ಗಾಲಿಕುರ್ಚಿಯ ಮೇಲೆ ಒಣಗಿದ ಬಟ್ಟೆಗಳ ರಾಶಿಯಿತ್ತು. ಅದನ್ನೆತ್ತಿ ಕೆಳಗಿಟ್ಟು, ಕುರ್ಚಿಯನ್ನು ಅಂಚಿಗೆ ತಂದು, ಅದರಲ್ಲಿ ಕೂತಳು.

"ಇಳಿಸಿ."

"ತಲೆ ಕೆಟ್ಟಿದೆಯಾ?"

"ಸರಿಯಾಗೇ ಇದೆ ಅಂದ್ರಲ್ಲ. ಇಳಿಸಿ."

ಅಕ್ಕಪಕ್ಕದವರು ನೋಡಿಯಾರೆಂದು ಅವನು ಗೊಣಗುತ್ತ ಬಂದು ಕುರ್ಚಿಯ ಹಿಡಿ ಹಿಡಿದ. ಕುರ್ಚಿ ಅಂಚು ದಾಟಿದ್ದೇ ತಡ, ಯಾರೋ ಮುಂದಿನಿಂದ ಹಗ್ಗ ಕಟ್ಟಿ ಎಳೆದಂತಾಯಿತು. ತಗಡಿನ ಮೇಲೆ ಅವನ ಚಪ್ಪಲಿ ಕಿರ್ರೆಂದು ಜಾರಿತು. ಅರ್ಧ ದಾರಿಯಲ್ಲಿ ಹೇಗೋ ತಡೆದು ನಿಲ್ಲಿಸಿದ. ಅವನ ಏದುಸಿರು ಅವಳ ನೆತ್ತಿಗೆ ತಾಗುತ್ತಿತ್ತು.

"ಕಾಲೂರೇ ಸ್ವಲ್ಪ. ಎಳೀತಿದೆ."

ಅವಳು ಕಾಲೂರಲಿಲ್ಲ.

ಪಕ್ಕದ ಕಿಟಕಿಯೊಳಗೆ ಅತ್ತೆಯ ಮಂಚವಿತ್ತು. ಅವರು ಕಂಬಿ ಹಿಡಿದು, ಕತ್ತು ಹೊರಳಿಸಿ ನೋಡುತ್ತಿದ್ದರು. ಗಂಡ ಹೆಂಡಿರು ಆಡಿದ ಮಾತಿನಲ್ಲಿ ಎಷ್ಟು ಕೇಳಿಸಿತ್ತೋ, ಅವರ ಮುಖದಲ್ಲಿ ರಕ್ತವಿರಲಿಲ್ಲ. ಮಗನನ್ನು ಬಹಳ ಹೊತ್ತು ನೋಡಿದರು. ಮಾತಾಡಿದ್ದು ಮಾತ್ರ ಅವಳೊಡನೆ.

"ಆವತ್ತು ಎಲ್ಲೀವರೆಗೂ ಹಿಡ್ಕೊಂಡಿದ್ದೆ ನೀನು?"

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಕೆಳಗೆ ಉಳಿದ ತಗಡನ್ನು ನೋಡಿದಳು, ಗೇಟನ್ನು ನೋಡಿದಳು. ಆವತ್ತು ಕುರ್ಚಿಯ ಹಿಡಿ ತನ್ನ ಅಂಗೈಯ ಚರ್ಮ ಕಿತ್ತುಕೊಂಡು ಹೋದದ್ದು, ಮಂಡಿ ತರಚಿದ್ದು ಈಗ ನೆನಪಾಯಿತು.

"ಇಲ್ಲಿಗಿಂತ ಕೆಳಗೆ, ಅತ್ತೆ," ಎಂದಳು. "ಇಲ್ಲಿಗಿಂತ ತುಂಬಾ ಕೆಳಗೆ."