ಕತ್ತರಿ ಮಾವನ ಕಂಕುಳ ಗಂಟು

ಕತ್ತರಿ ಮಾವನ ಅಂಗಡಿಗೆ ಹೋದವರು ತಲೆ ಹಗುರ ಮಾಡಿಕೊಂಡು, ಕಿವಿ ಭಾರ ಮಾಡಿಕೊಂಡು ಬರುತ್ತಾರೆ. ಕೈಯಲ್ಲಿ ಕತ್ತರಿ ಆಡುವಷ್ಟು ಹೊತ್ತೂ ಅವನ ಬಾಯಿ ಸುಮ್ಮನಿರುವುದಿಲ್ಲ. ಯಾರ ಮನೆಗೆ ಯಾವ ನೆಂಟರು ಬಂದರು, ಯಾರ ಮಗ ಯಾವ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಎಲ್ಲವೂ ಅವನ ನಾಲಗೆಯ ತುದಿಯಲ್ಲೇ ಇರುತ್ತದೆ. ಕತ್ತರಿ ಮಾವ ಎಂದು ಹೆಸರಿಟ್ಟವರು ಬೀದಿಯ ಮಕ್ಕಳು. ಈಗ ಆ ಮಕ್ಕಳ ಅಪ್ಪಂದಿರೂ ಹಾಗೇ ಕರೆಯುತ್ತಾರೆ.

ಇಷ್ಟೆಲ್ಲ ಮಾತಾಡುವವನು ಎರಡು ಸಂಗತಿಗಳನ್ನು ಮಾತ್ರ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಒಂದು, ಬಲಗಂಕುಳಲ್ಲಿ ಎದ್ದ ಗಂಟು. ಇನ್ನೊಂದು, ಬಲಗೈಯ ಬೆರಳ ಸಂದಿಯಲ್ಲಿ ಆಗಾಗ ಒಸರುತ್ತಿದ್ದ ಸಣ್ಣ ಹುಣ್ಣು. ಗಂಟನ್ನು ಹೆದರಿಕೆಯಿಂದ ಮುಚ್ಚಿಟ್ಟಿದ್ದ. ಹುಣ್ಣನ್ನು ಗಿರಾಕಿಗಳಿಗೆ ಅಂಜಿ ಮುಚ್ಚಿಟ್ಟಿದ್ದ. ಹುಣ್ಣಿರುವ ಕೈಗೆ ಯಾರು ತಾನೆ ಕೆನ್ನೆ ಒಡ್ಡುತ್ತಾರೆ? ಎರಡಕ್ಕೂ ಒಂದಕ್ಕೊಂದು ನಂಟಿರಬಹುದು ಎಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಗಂಟು ಸಿಕ್ಕಿಬಿದ್ದದ್ದು ಹೆಂಡತಿಯ ಕೈಗೆ. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವಳ ಬೆರಳು ಕಂಕುಳ ಹತ್ತಿರ ಬಂದು ನಿಂತುಬಿಟ್ಟಿತು.

"ಏನ್ರೀ ಇದು?"

"ಏನಿಲ್ಲ ಕಣೇ, ಬೆವರುಸಾಲೆ."

"ನಿಂಬೆಕಾಯಿ ಗಾತ್ರದ ಬೆವರುಸಾಲೇನಾ? ನಾಳೆ ಅಂಗಡಿ ಬಾಗಿಲು ತೆಗೆಯೋದು ಬೇಡ. ಬಾಯಿ ಮುಚ್ಕೊಂಡು ಆಸ್ಪತ್ರೆಗೆ ನಡೀರಿ."

ಮರುದಿನ ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿ ಕೇಳಿದರು, "ಈಚೆಗೆ ಜ್ವರ ಬಂದಿತ್ತಾ? ಲಸಿಕೆ ಹಾಕಿಸ್ಕೊಂಡಿದ್ರಾ? ಕೈಗೆ ಗಾಯ, ಹುಣ್ಣು ಏನಾದ್ರೂ ಆಗಿತ್ತಾ?"

"ಏನೂ ಇಲ್ಲ ತಾಯಿ," ಎಂದ ಮಾವ, ಬೆರಳುಗಳನ್ನು ಒತ್ತಾಗಿ ಜೋಡಿಸಿಕೊಂಡು.

ಸೂಜಿ ಹಾಕಿ ಗಂಟಿನೊಳಗಿನದನ್ನು ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎನ್ನುವಂತೆ ಬಂತು. ಕ್ಯಾನ್ಸರ್ ಗಡ್ಡೆಯೋ, ಬರೀ ಸೋಂಕಿನಿಂದಾದ ಉರಿಯೂತವೋ ತಿಳಿಯಲಿಲ್ಲ. "ಪೆಟ್ ಸ್ಕ್ಯಾನ್ ಮಾಡಿಸೋಣ," ಎಂದರು ಡಾಕ್ಟರಮ್ಮ. "ಮೈಯಲ್ಲಿ ಬೇರೆಲ್ಲಾದ್ರೂ ಏನಾದ್ರೂ ಇದೆಯಾ, ಎಲ್ಲಿಂದ ಚೂರು ತೆಗೆದು ನೋಡಬೇಕು ಅನ್ನೋದು ಗೊತ್ತಾಗುತ್ತೆ. ವಿಕಿರಣ ಸೂಸೋ ಔಷಧಿ ಒಂಚೂರು ರಕ್ತಕ್ಕೆ ಸೇರಿಸಿ ತೆಗೆಯೋ ಚಿತ್ರ ಅದು."

ವಿಕಿರಣ ಎಂಬ ಮಾತು ಕೇಳಿದ್ದೇ ಮಾವ ಹೆದರಿ ಎದ್ದು ಅಂಗಡಿ ಬೀದಿಗೆ ಬಂದುಬಿಟ್ಟ. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು ಉರಿಯುವ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದ.

"ಅಯ್ಯೋ ಮಾರಾಯ, ಅದನ್ನ ಮೈಗೆ ಹಾಕಿಸ್ಕೋತೀಯಾ? ಕತ್ತಲಲ್ಲಿ ಗಡಿಯಾರದ ಮುಳ್ಳಿನ ಹಾಗೆ ಹೊಳೀತೀಯ, ನೋಡ್ತಿರು. ಮನೇಲಿ ಎಳೇ ಕೂಸು ಬೇರೆ ಇದೆ."

ಕೂಸು ಎಂದರೆ ಬಾಣಂತನಕ್ಕೆ ಬಂದಿದ್ದ ಮಗಳ ಮಗು. ಮಾವನಿಗೆ ಅದು ಪಂಚಪ್ರಾಣ. ಮನೆಗೆ ಬಂದವನೇ, "ನನಗೆ ಯಾವ ಸ್ಕ್ಯಾನೂ ಬೇಡ. ಆಗಿದ್ದಾಗಲಿ. ನನ್ನಿಂದ ಮಗೂಗೆ ಏನಾದ್ರೂ ಆದ್ರೆ ನಾನಿದ್ದೂ ಸತ್ತ ಹಾಗೆ," ಎಂದು ಗೋಡೆ ಕಡೆ ತಿರುಗಿ ಕೂತುಬಿಟ್ಟ.

ಹೆಂಡತಿ ಅತ್ತಳು, ರೇಗಿದಳು. ಕೊನೆಗೆ ತಂಗಿಗೆ ಫೋನ್ ಮಾಡಿದಳು. ಮಾವನ ಈ ನಾದಿನಿ ಅದೇ ಸ್ಕ್ಯಾನ್ ವಿಭಾಗದಲ್ಲಿ ನರ್ಸು. ಸಂಜೆಗೆಲ್ಲ ಬಂದಿಳಿದಳು.

"ಏನ್ ಭಾವ, ಊರಿಗೆಲ್ಲ ಬುದ್ಧಿ ಹೇಳೋರು ನೀವು, ನೀವೇ ಗೋಡೆ ನೋಡ್ತಾ ಕೂತ್ರೆ ಹೇಗೆ?"

"ನಿನಗೇನಮ್ಮ, ಹೇಳ್ತೀಯ. ಆ ವಿಷ ಮೈಯೊಳಗೆ ಹೋದ್ರೆ ಕತ್ತಲಲ್ಲಿ ಹೊಳೀತೀನಂತೆ, ಗಡಿಯಾರದವನು ಹೇಳಿದ."

"ವಿಷ ಅಲ್ಲ ಭಾವ, ಸಕ್ಕರೆ ಥರದ್ದು. ಅದಕ್ಕೊಂದು ಸಣ್ಣ ವಿಕಿರಣದ ಗುರುತು ಅಂಟಿಸಿರ್ತಾರೆ. ಮೈಯಲ್ಲಿ ಎಲ್ಲಿ ಕೆಲಸ ಜೋರಾಗಿ ನಡೀತಿದೆಯೋ ಅಲ್ಲಿ ಸಕ್ಕರೆ ಹೆಚ್ಚು ಸೇರುತ್ತೆ. ಆ ಜಾಗ ಯಂತ್ರಕ್ಕೆ ಮಾತ್ರ ಹೊಳೆದು ಕಾಣುತ್ತೆ. ಗಡಿಯಾರದವರ ಕಣ್ಣಿಗಲ್ಲ."

"ಹೊಳೆದ್ರೆ ಕ್ಯಾನ್ಸರ್ ಅಂತ ತಾನೇ?"

"ಎಲ್ಲರೂ ಎಡವೋದು ಅಲ್ಲೇ! ಕ್ಯಾನ್ಸರ್ ಗಡ್ಡೆ ಸಕ್ಕರೆ ಎಳ್ಕೊಳ್ಳುತ್ತೆ, ನಿಜ. ಆದ್ರೆ ಕೀವು, ಬಾವು ಇರೋ ಕಡೆ ಸೋಂಕಿನ ಜೊತೆ ಹೊಡೆದಾಡ್ತಿರೋ ಕಣಗಳಿಗೂ ಸಕ್ಕರೆ ಬೇಕು. ಎರಡೂ ಹೊಳೆಯುತ್ತೆ. ಎಲ್ಲೆಲ್ಲಿ ಹೊಳೀತಿದೆ, ಯಾವ ಆಕಾರ, ಎಷ್ಟು ಜೋರು ಅಂತ ಡಾಕ್ಟರು ಕೂಡಿಸಿ ನೋಡ್ತಾರೆ. ಬೇಕಾದ್ರೆ ಚೂರು ತೆಗೆದು ಖಚಿತ ಮಾಡ್ಕೋತಾರೆ. ಕೆಲವು ಗಡ್ಡೆಗಳಿಗೆ ಸಕ್ಕರೆ ಬಿಟ್ಟು ಬೇರೆ ಔಷಧೀನೂ ಇದೆ. ಯಾವುದು ಬೇಕು ಅಂತ ಅವರೇ ಹೇಳ್ತಾರೆ."

"ಮಗು?"

ಈಗ ನಾದಿನಿ ತಮಾಷೆ ಬಿಟ್ಟಳು. "ಆ ಔಷಧಿ ಶಕ್ತಿ ಸುಮಾರು ಎರಡು ಗಂಟೆಗೆ ಅರ್ಧ ಆಗುತ್ತೆ, ಆಮೇಲೆ ಅದರಲ್ಲೂ ಅರ್ಧ. ಚೆನ್ನಾಗಿ ನೀರು ಕುಡೀರಿ, ಮೂತ್ರದಲ್ಲೂ ಹೋಗುತ್ತೆ. ಆ ದಿನ ಮಗೂನ ಎತ್ಕೋಬೇಡಿ, ಸ್ವಲ್ಪ ದೂರ ಇರಿ. ಮರುದಿನ ಬೆಳಿಗ್ಗೆ ಎದ್ದು ಎತ್ಕೊಳ್ಳಿ, ಏನೂ ಆಗಲ್ಲ. ಪರೀಕ್ಷೆ ಮಾಡಿಸ್ಕೊಳ್ಳೋರೇ ಬಸುರಿ ಆಗಿದ್ರೆ, ಹಾಲೂಡಿಸ್ತಿದ್ರೆ, ಸಕ್ಕರೆ ಕಾಯಿಲೆ ಇದ್ರೆ ಮೊದಲೇ ಹೇಳಬೇಕು. ನಿಮಗದು ಯಾವುದೂ ಇಲ್ಲ."

ಮಾವ ನಿಧಾನಕ್ಕೆ ಇತ್ತ ತಿರುಗಿದ. "ಸರಿ, ನಾನೇನು ಮಾಡಬೇಕು ಹೇಳು."

"ಹಿಂದಿನ ದಿನ ಭಾರದ ಕೆಲಸ ಬೇಡ. ಪರೀಕ್ಷೆಗೆ ಖಾಲಿ ಹೊಟ್ಟೇಲಿ ಬನ್ನಿ, ನೀರು ಕುಡೀಬಹುದು. ಸೂಜಿ ಹಾಕಿದ ಮೇಲೆ ಒಂದು ಗಂಟೆ ಅಲ್ಲಾಡಬಾರದು. ಮಾತಂತೂ ಆಡಲೇಬಾರದು. ಮಾತಾಡಿದ್ರೆ ಗಂಟಲಿನ ಸ್ನಾಯು ಸಕ್ಕರೆ ಎಳ್ಕೊಂಡು ಅದೂ ಹೊಳೆಯುತ್ತೆ."

ಹೆಂಡತಿಯ ಮುಖ ಅರಳಿತು. "ಒಂದು ಗಂಟೆ ಮಾತಿಲ್ವಾ? ಇದನ್ನ ತಿಂಗಳಿಗೊಂದು ಸಲ ಮಾಡಿಸೋಕಾಗುತ್ತೇನೇ?"

"ಇಲ್ಲ ಅಕ್ಕ, ಸುಮ್ಸುಮ್ನೆ ಮಾಡಿಸೋ ಪರೀಕ್ಷೆ ಅಲ್ಲ. ಡಾಕ್ಟರು ಬೇಕು ಅಂದಾಗ ಮಾತ್ರ."

ಪರೀಕ್ಷೆಯ ದಿನ ನಾದಿನಿ ಅವನ ಎಡಗೈಗೇ ಸೂಜಿ ಚುಚ್ಚಿದಳು. ಗಂಟಿರುವ ಬದಿಗೆ ಚುಚ್ಚಿ, ಔಷಧಿ ಅಲ್ಲೇ ಒಂದಿಷ್ಟು ಸೋರಿದರೆ ಲೆಕ್ಕ ತಪ್ಪುತ್ತದೆ ಎಂದಳು. ಕಿಟಕಿಯಿಲ್ಲದ ಸಣ್ಣ ಕೋಣೆ, ಒರಗು ಕುರ್ಚಿ, ಮೈತುಂಬ ಕಂಬಳಿ. ನಾದಿನಿ ದಪ್ಪ ಗಾಜಿನ ಆಚೆ ಕೂತು ಕಣ್ಣಿಟ್ಟಿದ್ದಳು.

ಮಾವನಿಗೆ ಜನ್ಮದಲ್ಲೇ ಇಂಥ ಶಿಕ್ಷೆ ಆಗಿರಲಿಲ್ಲ. ಗಂಟಲಲ್ಲಿ ಮಾತು ಕುದಿಯುತ್ತಿತ್ತು. ಗೋಡೆಯ ಬಣ್ಣ ಎಷ್ಟು ಕೆಟ್ಟದಾಗಿದೆ ಎಂದು ಯಾರಿಗಾದರೂ ಹೇಳದಿದ್ದರೆ ಜೀವ ಹೋಗುತ್ತದೇನೋ ಎನಿಸಿತು. ಬಾಯಿಗೇನೋ ಬೀಗ ಹಾಕಿಕೊಂಡ, ಕೈ ಕೇಳಬೇಕಲ್ಲ! ಬಲಗೈಯ ಬೆರಳುಗಳು ತಮ್ಮ ಪಾಡಿಗೆ ತಾವು ಗಾಳಿಯಲ್ಲಿ ಕತ್ತರಿ ಆಡಿಸತೊಡಗಿದವು. ನಾದಿನಿ ಓಡಿ ಬಂದು ಆ ಕೈಯನ್ನು ಕಂಬಳಿಯೊಳಗೆ ತೂರಿಸಿ, ಮಾತಿಲ್ಲದೆಯೇ ಕಣ್ಣು ಕೆಕ್ಕರಿಸಿ ಹೋದಳು. ಆಮೇಲೆ ಮಾವ ಬೆರಳು ಕೂಡ ಮಿಸುಕಾಡಲಿಲ್ಲ. ಮಗುವಿನ ಮುಖ ನೆನೆದುಕೊಂಡು ಹಾಗೇ ಕೂತ. ಗಂಟೆ ಕಳೆದ ಮೇಲೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗಿಸಿ, ದೊಡ್ಡ ಬಳೆಯಂಥ ಯಂತ್ರದೊಳಗೆ ತೂರಿಸಿ ಚಿತ್ರ ತೆಗೆದರು. ನೋವಿಲ್ಲ, ಏನಿಲ್ಲ.

ಆ ಸಂಜೆ ಗಡಿಯಾರದವನು ಮನೆಯ ಬಾಗಿಲಿಗೇ ಬಂದು, ದೀಪ ಆರಿಸಲು ಹೇಳಿ, ಮಾವನನ್ನು ಮೇಲಿನಿಂದ ಕೆಳಗಿನವರೆಗೆ ದಿಟ್ಟಿಸಿದ. "ಹೊಳೀತಾನೇ ಇಲ್ವಲ್ಲೋ," ಎಂದು ಪೆಚ್ಚಾಗಿ ಹೋದ. ಮಾವ ಆ ದಿನ ಹೊರಗಿನ ಕೋಣೆಯಲ್ಲೇ ಇದ್ದು, ಬೆಳಿಗ್ಗೆ ಎದ್ದವನೇ ಮಗುವನ್ನು ಎತ್ತಿಕೊಂಡ.

ಡಾಕ್ಟರಮ್ಮ ಕರೆಸಿದಾಗ ಹೆಂಡತಿಯನ್ನೂ ನಾದಿನಿಯನ್ನೂ ಜೊತೆಗೆ ಕರೆದುಕೊಂಡೇ ಒಳಗೆ ಹೋದ. ಪರದೆಯ ಮೇಲೆ ಅವನದೇ ಮೈಯ ಚಿತ್ರ. ಬಲಗಂಕುಳು ಧಗಧಗ ಹೊಳೆಯುತ್ತಿತ್ತು. ಮುಗೀತು ನನ್ನ ಕಥೆ ಅಂದುಕೊಂಡ.

"ಇಲ್ಲಿ ನೋಡಿ," ಎಂದರು ಡಾಕ್ಟರಮ್ಮ. "ಕಂಕುಳಲ್ಲಿ ದೊಡ್ಡದು, ಮೊಣಕೈ ಹತ್ತಿರ ಚಿಕ್ಕದು, ಬೆರಳ ಸಂದೀಲಿ ಒಂದು ಚುಕ್ಕೆ. ಮೂರೂ ಬೆರಳಿಂದ ಕಂಕುಳಿಗೆ ಹೋಗೋ ಒಂದೇ ದಾರೀಲಿವೆ. ಮಿಕ್ಕ ಮೈಯೆಲ್ಲ ಸರಿಯಾಗಿದೆ. ಅವತ್ತು ಈ ಕೈ ಆಡಿಸಿದ್ರಾ?"

"ಶುರುವಲ್ಲಿ ಒಂದು ಗಳಿಗೆ ಮೇಡಂ. ಆಮೇಲೆ ಇಲ್ಲ, ನಾನೇ ಕಾವಲಿದ್ದೆ," ಎಂದಳು ನಾದಿನಿ.

"ಹಾಗಾದ್ರೆ ಈ ಚುಕ್ಕೆ ಕೈ ಆಡಿಸಿದ್ದಕ್ಕೆ ಬಂದದ್ದಲ್ಲ, ನಂಬಬಹುದು. ಎಲ್ಲಿ, ಬೆರಳು ಅಗಲಿಸಿ."

ಮಾವ ತಲೆ ತಗ್ಗಿಸಿ ಬೆರಳು ಅಗಲಿಸಿದ.

"ನೋಡಿದ್ರಾ! ಗಿರಾಕಿಗಳ ಕೂದಲ ಚೂರು ಮುಳ್ಳಿನ ಹಾಗೆ ಚುಚ್ಚಿ ಒಳಗೇ ಉಳ್ಕೊಂಡಿರಬೇಕು. ನಿಮ್ಮ ಕಸುಬಿನವರಿಗೆ ಆಗೋದೇ. ಅದರ ಸೋಂಕಿಗೆ ಕಂಕುಳ ಗ್ರಂಥಿ ಊದಿರೋ ಹಾಗಿದೆ. ಮೊದಲೇ ಹೇಳಿದ್ದಿದ್ರೆ ಇಷ್ಟು ದಿನ ಹೆದರಬೇಕಿರಲಿಲ್ಲ. ಆದ್ರೂ ಚಿತ್ರ ಒಂದನ್ನೇ ನಂಬಿ ಕೂರಲ್ಲ. ಗಂಟಿಂದ ಚೂರು ತೆಗೆದು ನೋಡಿಬಿಡೋಣ."

"ಊರವರ ಗುಟ್ಟೆಲ್ಲ ಬೀದೀಲಿ ಹರಡ್ತೀರಿ," ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಗದರಿದಳು, "ನಿಮ್ಮ ಗುಟ್ಟು ಡಾಕ್ಟರಿಗೆ ಹೇಳೋಕೆ ಏನು ಧಾಡಿ ನಿಮಗೆ?"

ಮಾವ ಬೆರಳುಗಳನ್ನು ಡಾಕ್ಟರಮ್ಮನ ಮುಂದೆ ಹಾಗೇ ಅಗಲಿಸಿ ಹಿಡಿದ. ಈ ಸಲ ಜೋಡಿಸಿ ಮುಚ್ಚಲಿಲ್ಲ.

ಚೂರಿನ ಪರೀಕ್ಷೆಯ ಉತ್ತರ ಈ ಬಾರಿ ಸ್ಪಷ್ಟವಾಗಿ ಬಂತು: ಕ್ಯಾನ್ಸರ್ ಇಲ್ಲ, ಉರಿಯೂತ ಮಾತ್ರ. ಬೆರಳ ಸಂದಿ ಸ್ವಲ್ಪ ಕೊಯ್ದು ಕೂದಲಿನ ಚೂರು ತೆಗೆದರು, ಔಷಧಿ ಕೊಟ್ಟರು. ಗಂಟು ದಿನದಿಂದ ದಿನಕ್ಕೆ ಇಳಿಯಿತು. ಉತ್ತರ ಬಂದ ದಿನ ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತ. "ನಾನು ಹೊರಟೇ ಹೋದೆ ಅಂದ್ಕೊಂಡಿದ್ದೆ ಕಣೇ," ಎಂದ. ಹೆಂಡತಿ ಪಕ್ಕದಲ್ಲೇ ಕೂತಳು.

ಗಾಯ ಪೂರ್ತಿ ಮಾಯ್ದ ಮೇಲೆಯೇ ಅಂಗಡಿ ತೆರೆಯಿತು. ಈಗ ಮಾವ ಕೈಗವಸು ಹಾಕದೆ ಕತ್ತರಿ ಮುಟ್ಟುವುದಿಲ್ಲ, ಕೆಲಸ ಮುಗಿದ ಮೇಲೆ ಬೆರಳ ಸಂದಿ ತೊಳೆದು ಒರೆಸಿಕೊಳ್ಳದೆ ಮನೆಗೆ ಹೊರಡುವುದಿಲ್ಲ.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ನಿಮ್ಮ ಮೈಯಲ್ಲೂ ಕರಗದ ಗಂಟೊಂದು ಇರಬಹುದು. ಅದನ್ನು ಸೆರಗಲ್ಲೋ ಅಂಗಿಯಲ್ಲೋ ಮುಚ್ಚಿಡಬೇಡಿ. ಪ್ರತಿ ಗಂಟೂ ಕ್ಯಾನ್ಸರ್ ಅಲ್ಲ. ಕ್ಯಾನ್ಸರೇ ಆಗಿದ್ದರೂ ಬೇಗ ತಿಳಿದಷ್ಟೂ ಒಳ್ಳೆಯದು. ಡಾಕ್ಟರು ಪೆಟ್ ಸ್ಕ್ಯಾನ್ ಬರೆದುಕೊಟ್ಟರೆ ಬೀದಿಯ ಮಾತಿಗೆ ಬೆದರಬೇಡಿ, ಅನುಮಾನವಿದ್ದರೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೆ ಸಿದ್ಧರಾಗಿ ಹೋಗಿ. ಹಳೆಯ ಗಾಯ, ಜ್ವರ, ಹಲ್ಲುನೋವು, ಹಾಕಿಸಿಕೊಂಡ ಲಸಿಕೆ, ಯಾವುದನ್ನೂ ಸಣ್ಣದೆಂದು ಬಿಡಬೇಡಿ. ಮೈಯೊಳಗೆ ಅಡಗಿದ್ದನ್ನು ಯಂತ್ರ ತೋರಿಸೀತು, ನೀವು ಬಚ್ಚಿಟ್ಟದ್ದನ್ನು ನೀವೇ ಹೇಳಬೇಕು. ಇವತ್ತೇ ಹೋಗಿ ಹೇಳಿ.